ಏನೂ ಇಲ್ಲದ ಚಿತ್ರಗಳು

ನನ್ನ ಅಣ್ಣನ ಮಗಳು ಹೋದ ತಿಂಗಳು ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಎರಡನೆಯ ದಿನವೇ ಫೋನ್ ಮಾಡಿ ಕೇಳಿದಳು: "ಅತ್ತೆ, ನಿಮ್ಮ ಕಾಲಕ್ಕೆ ಕಂಪ್ಯೂಟರ್ ಎಲ್ಲ ಇರ್ಲಿಲ್ಲ ಅಲ್ಲಾ? ಹೆಂಗೆ ಕಲ್ಸ್ತಿದ್ರಿ?"

ಇತ್ತು ಮಗಾ. ಇದ್ದದ್ದರಿಂದಲೇ ಒಂದು ದೊಡ್ಡ ತಪ್ಪಾಯಿತು. ಫೋನಿನಲ್ಲಿ ಹೇಳಿ ಮುಗಿಯುವ ಕಥೆಯಲ್ಲವಾದ್ದರಿಂದ ಬರೆಯಲು ಕುಳಿತಿದ್ದೇನೆ. ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದೆಲ್ಲ ಇದರಲ್ಲಿಲ್ಲ. ಅದು ತಿಳಿದು ನಿನಗಾಗಬೇಕಾದದ್ದೂ ಇಲ್ಲ.

ನಮ್ಮದು ಅಂಕೋಲೆಯ ಹತ್ತಿರದ ಹಳ್ಳಿ. ನಿನ್ನ ಅಜ್ಜ ಗೇಣಿಗದ್ದೆ ಮಾಡಿದವನು, ಅಜ್ಜಿ ಹರಿವೆ, ಬಸಳೆ ಬುಟ್ಟಿ ಹೊತ್ತು ಪೇಟೆಗೆ ನಡೆದವಳು. ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಅಪ್ಪನ ಕಡೆ, ಅವ್ವನ ಕಡೆ ಎರಡೂ ಸೇರಿಸಿ ನೋಡಿದರೆ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಿ.ಎಸ್ಸಿ. ಆಯಿತು, ಲ್ಯಾಬ್ ತರಬೇತಿ ಆಯಿತು, ಕಾರವಾರದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅವ್ವ ಬುಟ್ಟಿ ಇಳಿಸಿದಲ್ಲೆಲ್ಲ "ನಮ್ಮ ಮಗ್ಳು ಕಾರವಾರದಲ್ಲಿ ದುರ್ಬೀನ್ ಹಾಕಿ ನೆತ್ರು ನೋಡ್ತದೆ" ಎಂದು ಹೇಳಿಕೊಂಡು ಬಂದಳು. ನಾನು ಮೇಲೆ ಬಂದದ್ದು ಪರೀಕ್ಷೆಯ ಅಂಕಗಳನ್ನು ಹಿಡಿದುಕೊಂಡೇ. ಹಾಗಾಗಿ ಯಾರಿಗಾದರೂ ಪೂರ್ತಿ ಅಂಕ ಬಂತೆಂದರೆ ಅವರ ಬಗ್ಗೆ ನನ್ನ ಮನಸ್ಸಿನಲ್ಲಿ ಅನುಮಾನವೇ ಉಳಿಯುತ್ತಿರಲಿಲ್ಲ. ಈ ಮಾತು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಇದೆಲ್ಲ ಎರಡು ಸಾವಿರದ ಇಸವಿ ಕಳೆದ ಮೇಲಿನ ಮೊದಲ ಕೆಲವು ವರ್ಷಗಳ ಮಾತು. ಆಗ ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇರಲಿಲ್ಲ. ಘಟ್ಟದ ಮೇಲಿನ ಒಂದು ಕಾಲೇಜಿನಿಂದ ಏಳೆಂಟು ವಿದ್ಯಾರ್ಥಿಗಳ ತಂಡ ಆರು ವಾರದ ಮಟ್ಟಿಗೆ ನಮ್ಮಲ್ಲಿಗೆ ಬರುತ್ತಿತ್ತು. ಅವರಿಗೆ ಪ್ಯಾಥಾಲಜಿ, ಅಂದರೆ ರೋಗಶಾಸ್ತ್ರ, ಕಲಿಸುವ ಹೊಣೆ ಡಾಕ್ಟರ್ ಶಾನಭಾಗರದು. ಅವರು ಪಾಠ ಹೇಳುವುದು, ನಾನು ಸ್ಲೈಡು ತಯಾರಿಸಿ ತೋರಿಸುವುದು. ಇದ್ದದ್ದು ಒಂದೇ ಒಳ್ಳೆಯ ಮೈಕ್ರೋಸ್ಕೋಪು. ಎಂಟು ಜನ ಸಾಲು ನಿಲ್ಲುವರು. ಒಬ್ಬೊಬ್ಬರೂ ಕಣ್ಣಿಟ್ಟು "ಕಂಡಿತು ಸರ್" ಎಂದು ಎದ್ದುಬಿಡುವರು. ಬಹಳ ಬೇಗ ಎದ್ದವರಿಗೆ ಏನೂ ಕಂಡಿರುತ್ತಿರಲಿಲ್ಲ ಎಂದು ನನಗೂ ಡಾಕ್ಟರಿಗೂ ಗೊತ್ತಿತ್ತು. ಒಬ್ಬಳಂತೂ ಬಹಳ ಹೊತ್ತು ನೋಡಿ, ಕರಿಯ ಬಾಗಿದ ಗೆರೆಯೊಂದನ್ನು ಕಾಗದದ ಮೇಲೆ ಚಂದವಾಗಿ ಬರೆದು ತೋರಿಸಿದಳು. ಅವಳು ಬರೆದದ್ದು ತನ್ನದೇ ಕಣ್ಣಿನ ರೆಪ್ಪೆಗೂದಲು.

ಆ ಹೊತ್ತಿಗೆ ಬಿಲ್ಲಿನ ವಿಭಾಗಕ್ಕೆ ಹೊಸ ಕಂಪ್ಯೂಟರು ಬಂದು, ಹಳೆಯದು ಮೂಲೆ ಸೇರಿತು. ಅದನ್ನು ಲ್ಯಾಬಿಗೆ ಕೊಡಿ ಎಂದು ಕೇಳಿ ತಂದವಳು ನಾನು. ಹಿಂದೆ ದೊಡ್ಡ ಡುಬ್ಬವಿದ್ದ ಪರದೆ, ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯಂತೆ ಸದ್ದು. ಡಾಕ್ಟರ್ ಶಾನಭಾಗರು ಅದರ ಸುತ್ತ ಒಂದು ಸುತ್ತು ಬಂದು ಕೇಳಿದರು: "ಸುಮಿತ್ರಾಬಾಯಿ, ಇದು ಚಹಾನೂ ಮಾಡ್ತದೇನ್ರಿ?"

"ಚಹಾ ಮಾಡೂದಿಲ್ಲ ಸರ್. ಎಂಟು ಜನಕ್ಕೆ ಒಂದೇ ಸಲ ಸ್ಲೈಡು ತೋರಿಸ್ತದೆ."

ಅವರು ನಕ್ಕರೂ ಮರುದಿನ ಮನೆಯಿಂದ ತಮ್ಮ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟರು. ಮಗಳ ಮದುವೆಯ ಫೋಟೋ ತೆಗೆಯಲು ಕೊಂಡದ್ದು. ಆದರೆ ಕ್ಯಾಮೆರಾವನ್ನು ಮೈಕ್ರೋಸ್ಕೋಪಿನ ಕಣ್ಣಿಗೆ ಕೈಯಲ್ಲಿ ಹಿಡಿದರೆ ಕೈ ನಡುಗುತ್ತದೆ, ಬದಿಯಿಂದ ಬೆಳಕು ನುಗ್ಗುತ್ತದೆ. ಅಳತೆ ತೆಗೆದುಕೊಂಡು ಶಿರವಾಡದ ಪೈಪಿನ ಅಂಗಡಿಗೆ ಹೋದೆ. ಬೆರಳುದ್ದದ ತುಂಡು ಬೇಕು ಎಂದಾಗ ಅಂಗಡಿಯವರು, "ಎಲ್ಲಿ ಸೋರ್ತದ್ರಾ?" ಎಂದರು. "ಬೆಳಕು ಸೋರ್ತದೆ" ಎಂದೆ. ಅವರು ನನ್ನ ಮುಖವನ್ನೇ ನೋಡಿ, ತುಂಡು ಕತ್ತರಿಸಿ, ದುಡ್ಡು ಬೇಡವೆಂದು ಕೈಯಾಡಿಸಿದರು. ಅನುಕಂಪದಿಂದ ಇರಬೇಕು.

ಆ ಪೈಪಿನ ತುಂಡಿನಿಂದ ನಮ್ಮ ಕೆಲಸ ಶುರುವಾಯಿತು. ಚಂದದ ಸ್ಲೈಡುಗಳನ್ನೆಲ್ಲ ಹುಡುಕಿ ಹುಡುಕಿ ಫೋಟೋ ತೆಗೆದೆ. ಕ್ಷಯದ ಗಂಟು, ಕೊಬ್ಬು ತುಂಬಿದ ಯಕೃತ್ತು, ಮಲೇರಿಯಾ ಹೊಕ್ಕ ರಕ್ತಕಣ. ರೋಗ ಎಲ್ಲಿದೆಯೋ ಅದನ್ನು ಸರಿಯಾಗಿ ನಡುವಿಗೆ ತಂದು ಒತ್ತುತ್ತಿದ್ದೆ. ಬಿಲ್ಲಿನ ವಿಭಾಗದವರಿಂದ ಕಲಿತು ಒಂದು ಪರೀಕ್ಷೆಯನ್ನೂ ಕಟ್ಟಿದೆ. ಪರದೆಯ ಮೇಲೆ ಚಿತ್ರ, ಕೆಳಗೆ ನಾಲ್ಕು ಉತ್ತರ. ಸರಿಯಾದದ್ದನ್ನು ಒತ್ತಿದರೆ ಗಂಟೆ ಬಾರಿಸುತ್ತಿತ್ತು. ಒಟ್ಟು ನಲವತ್ತು ಚಿತ್ರ. ಮಧ್ಯಾಹ್ನವಿಡೀ ಲ್ಯಾಬಿನಲ್ಲಿ ಗಂಟೆಯೋ ಗಂಟೆ. ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳು ಒಳಗೆ ಪೂಜೆ ನಡೆಯುತ್ತಿದೆ ಎಂದುಕೊಂಡಿರಬಹುದು.

ಆ ಸಲದ ತಂಡದಲ್ಲಿ ಬಸವರಾಜ ಎಂಬ ಹುಬ್ಬಳ್ಳಿ ಕಡೆಯ ಹುಡುಗನಿದ್ದ. ಮೊದಲ ವಾರದಲ್ಲೇ ನಲವತ್ತಕ್ಕೆ ನಲವತ್ತು. ಕೆಲವು ಚಿತ್ರಗಳಿಗಂತೂ ಪರದೆ ತುಂಬುವ ಮೊದಲೇ ಉತ್ತರ ಒತ್ತುತ್ತಿದ್ದ. ಇಷ್ಟು ಬೇಗ ಹೇಗೆ ಎಂದು ನನಗೆ ನಿಜವಾಗಿಯೂ ಕುತೂಹಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೇಳಿದೆ: "ಇದು ಕ್ಷಯ ಅಂತ ಹೇಗೆ ಗೊತ್ತಾಯ್ತು?"

"ಬಲಕ್ಕ ಮ್ಯಾಲಿನ ಮೂಲ್ಯಾಗ ಗಾಳಿಗುಳ್ಳಿ ಅದಲ್ರಿ ಮ್ಯಾಡಮ್. ಅದ ಗುರ್ತು."

"ಮತ್ತೆ ಇದು?"

"ಇದಾ? ಇದರಾಗ ಅಡ್ಡ ಒಂದು ಗೀರು ಅದ ನೋಡ್ರಿ. ಗೀರು ಇದ್ದದ್ದು ಯಕೃತ್ತು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸ್ಲೈಡಿನ ಮೇಲೆ ಗಾಜು ಮುಚ್ಚುವಾಗ ನನ್ನ ಕೈತಪ್ಪಿನಿಂದ ಉಳಿದ ಗಾಳಿಗುಳ್ಳೆ ಅದು. ಹುಡುಗ ರೋಗವನ್ನು ಬಿಟ್ಟು ನನ್ನ ಕೈತಪ್ಪನ್ನು ಬಾಯಿಪಾಠ ಮಾಡಿದ್ದ. ಆ ಎರಡು ಚಿತ್ರಗಳನ್ನು ತೆಗೆದುಹಾಕಿ, ಗುಳ್ಳೆ, ಗೀರು ಇಲ್ಲದ ಬೇರೆ ಚಿತ್ರ ಸೇರಿಸಿದೆ. ಬಸವರಾಜ ಎರಡು ದಿನದಲ್ಲಿ ಮತ್ತೆ ನಲವತ್ತು ತೆಗೆದ. ಈಗ ಸರಿಯಾಯಿತು ಎಂದುಕೊಂಡೆ. ಅಲ್ಲಿಗೇ ನಿಲ್ಲದೆ ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕಿತ್ತು ಎಂದು ಈಗ ಅನಿಸುತ್ತದೆ. ನಗು ಬಂದಾಗ ಕುತೂಹಲ ಮುಗಿದುಬಿಟ್ಟಿತು.

ಅದು ಮಳೆ ಬಿಟ್ಟ ಹೊಸತು, ಜ್ವರದ ಕಾಲ. ದಿನಕ್ಕೆ ರಾಶಿ ರಕ್ತದ ಸ್ಲೈಡು. ವಿದ್ಯಾರ್ಥಿಗಳಿಗೂ ಓದಲು ಕೊಡುತ್ತಿದ್ದೆವು. ಆದರೆ ಡಾಕ್ಟರ್ ಶಾನಭಾಗರ ಒಂದು ಕಟ್ಟಪ್ಪಣೆಯಿತ್ತು: ವಿದ್ಯಾರ್ಥಿ ನೋಡಿದ ಪ್ರತಿ ಸ್ಲೈಡನ್ನೂ ಟೆಕ್ನಿಶಿಯನ್ ಮೊದಲಿನಿಂದ ಕೊನೆಯವರೆಗೆ ಮತ್ತೆ ನೋಡಬೇಕು. ಮೈಕ್ರೋಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗಕ್ಕೆ ಫೀಲ್ಡ್ ಎನ್ನುತ್ತಾರೆ. ಮಲೇರಿಯಾ ಇಲ್ಲ ಎಂದು ಬರೆಯುವ ಮೊದಲು ಕಡಿಮೆಯೆಂದರೆ ನೂರು ಫೀಲ್ಡು ನೋಡಬೇಕು. ಅದು ನಿನಗೂ ಹೇಳಿಕೊಟ್ಟಿರುತ್ತಾರೆ. ನನಗೂ ಹೇಳಿಕೊಟ್ಟಿದ್ದರು.

ಒಂದು ಬೆಳಿಗ್ಗೆ ದೇವಬಾಗದ ಶೇವಂತಿ ಎಂಬ ಹೆಂಗಸು ಬಂದಳು. ನೀರಿಳಿದಾಗ ಕಾಳಿ ನದಿ ಸಮುದ್ರ ಸೇರುವ ಕಡೆ ಹೊಯ್ಗೆ ಕೆದಕಿ ತಿಸರೆ ಆರಿಸಿ, ಕಾರವಾರದ ಪೇಟೆಯಲ್ಲಿ ಮಾರುವವಳು. ಹೊಯ್ಗೆ ಅಂದರೆ ಮರಳು, ತಿಸರೆ ಅಂದರೆ ಅದರೊಳಗಿನ ಚಿಪ್ಪುಮೀನು, ನಿನಗೆ ಗೊತ್ತು. ಬೆರಳು ಚುಚ್ಚಿ ರಕ್ತ ತೆಗೆಯುವಾಗ, "ಹಗೂರ ಅಕ್ಕೋರೆ, ತಿಸರೆ ಚಿಪ್ಪಿ ಕೊಯ್ದ ಕೈ ಇದು, ಮೊದ್ಲೆ ತೂತಾಗಿದೆ" ಎಂದು ಜ್ವರದಲ್ಲೂ ನಗೆಯಾಡಿದಳು.

ಅವಳೆದುರೇ ಸ್ಲೈಡು ಬಸವರಾಜನ ಪಾಲಿಗೆ ಹೋಯಿತು. ಸ್ವಲ್ಪ ಹೊತ್ತಿಗೆ, "ಏನೂ ಇಲ್ರಿ ಮ್ಯಾಡಮ್" ಎಂದ. ಟ್ರೇ ತುಂಬ ಕೆಲಸವಿತ್ತು. ನಲವತ್ತಕ್ಕೆ ನಲವತ್ತು ತೆಗೆದ ಹುಡುಗ. ನಾನು ಏಳೆಂಟು ಫೀಲ್ಡು ಸರಿಸಿ ನೋಡಿ, ರಿಜಿಸ್ಟರಿನಲ್ಲಿ 'ಮಲೇರಿಯಾ ಇಲ್ಲ' ಎಂದು ಬರೆದು ಸಹಿ ಹಾಕಿದೆ.

ಐದು ದಿನ ಕಳೆದ ಮೇಲೆ ಅವಳನ್ನು ರಿಕ್ಷಾದಲ್ಲಿ ತಂದರು. ಕಣ್ಣು ಹಳದಿ. ಹೆಸರು ಕೇಳಿದರೆ ಹೇಳುವಷ್ಟು ಎಚ್ಚರವಿರಲಿಲ್ಲ. ಹೊಸ ಸ್ಲೈಡು ಮಾಡಿ ಕಣ್ಣಿಟ್ಟೆ. ಮೊದಲ ಫೀಲ್ಡಿನಲ್ಲೇ ಉಂಗುರಗಳು. ಮಲೇರಿಯಾದ ರೋಗಾಣು ರಕ್ತಕಣದೊಳಗೆ ಸಣ್ಣ ಉಂಗುರದ ಹಾಗೆ ಕಾಣುತ್ತದೆ. ಒಂದೊಂದು ಕಣದಲ್ಲಿ ಎರಡೆರಡು ಉಂಗುರ. ಮೆದುಳಿಗೆ ಏರುವ ಜಾತಿಯದು. ವಾರ್ಡಿಗೆ ಓಡಿ ಹೇಳಿ ಬಂದು, ಹಳೆಯ ಟ್ರೇ ತೆಗೆದು ಐದು ದಿನದ ಹಿಂದಿನ ಅವಳ ಸ್ಲೈಡು ಹುಡುಕಿ ಇಟ್ಟೆ. ಒಂದು, ಎರಡು ಎಂದು ಎಣಿಸುತ್ತಾ ಸರಿಸಿದೆ. ನಡುವಿನಲ್ಲೆಲ್ಲ ಏನೂ ಇಲ್ಲ. ನಲವತ್ತು ದಾಟಿ, ರಕ್ತ ತೆಳುವಾಗುತ್ತಾ ಹೋಗುವ ಅಂಚಿಗೆ ಬಂದಾಗ, ಒಂದು ಕಣದ ದಂಡೆಗೆ ಅಂಟಿಕೊಂಡಿತ್ತು, ಕೂದಲೆಳೆಯಷ್ಟು ತೆಳುವಾದ ಉಂಗುರ. ಮುಂದೆ ಹೋದರೆ ಇನ್ನೆರಡು. ಮೊದಲ ದಿನವೇ ಇತ್ತು.

ಸ್ಲೈಡನ್ನೂ ರಿಜಿಸ್ಟರನ್ನೂ ಡಾಕ್ಟರ ಮುಂದೆ ಇಟ್ಟೆ. ಅವರು ಬಹಳ ಹೊತ್ತು ನೋಡಿ ತಲೆ ಎತ್ತಿದರು. "ಯಾರು ನೋಡಿದ್ದು?"

ಹಿಂದಿನಿಂದ ಬಸವರಾಜ ಹೇಳಿದ: "ನಾನ್ರಿ ಸರ್."

"ನೀ ಕಲಿಯೂಕೆ ಬಂದವ. ನಾ ಕೇಳಿದ್ದು ಸಹಿ ಯಾರದು ಅಂತ."

"ನನ್ನದು ಸರ್" ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ರಿಜಿಸ್ಟರಿನಲ್ಲಿ ನನ್ನ ಹಳೆಯ ಸಾಲನ್ನು ಹಾಗೇ ಇರಿಸಿ, ಪಕ್ಕದಲ್ಲಿ ಸರಿಯಾದದ್ದನ್ನು ನನ್ನ ಕೈಯಿಂದಲೇ ಬರೆಸಿದರು. ಆಮೇಲೆ ಕಂಪ್ಯೂಟರಿನ ಕಡೆ ಕೈ ತೋರಿಸಿ, "ಆ ಹೆಂಗಸು ಉಳಿಯೂವರೆಗೆ ಅದನ್ನ ಚಾಲೂ ಮಾಡ್ಬೇಡಿ. ಉಳಿದ ಮೇಲೆ ನೋಡೂವ, ಇಡ್ಬೇಕೋ ಬಿಡ್ಬೇಕೋ ಅಂತ" ಎಂದರು.

ಅವಳಿಗೆ ಸೂಜಿಮದ್ದು ನಡೆದ ಆ ಮೂರು ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಬಸವರಾಜನನ್ನು ಕೂರಿಸಿ, "ಅವತ್ತು ಹೇಗೆ ನೋಡಿದೆಯೋ ಹಾಗೇ ನೋಡು, ನಾನು ಪಕ್ಕದಲ್ಲಿರ್ತೇನೆ" ಎಂದದ್ದು. ಅವನು ಸ್ಲೈಡು ಇಟ್ಟ. ಸರಿಯಾಗಿ ನಡುವಿಗೆ ತಂದ. ನೋಡಿದ. ಸ್ವಲ್ಪ ಸರಿಸಿದ, ಮತ್ತೆ ನಡುವಿಗೇ ಬಂದ. ಐದಾರು ಫೀಲ್ಡಿನಲ್ಲಿ ಮುಗಿಯಿತು.

"ಅಂಚಿಗೆ ಯಾಕೆ ಹೋಗಲಿಲ್ಲ?"

ಅವನು ಯೋಚಿಸಿದ. ಸುಳ್ಳು ಹೇಳುವ ಹುಡುಗನಲ್ಲ. "ಇದ್ರ ನಡುವ ಇರ್ತದಂತ ಅನ್ಕೊಂಡಿದ್ದೆ ಮ್ಯಾಡಮ್. ಕಂಪ್ಯೂಟರ್‌ನ್ಯಾಗ ಯಾವಾಗ್ಲೂ ನಡುವ ಇರ್ತಿತ್ತಲ್ರಿ."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಪ್ರತಿ ಚಿತ್ರದಲ್ಲೂ ರೋಗವನ್ನು ತಂದು ನಡುವೆ ಕೂರಿಸಿದವಳು ನಾನೇ. ಹುಡುಕುವ ಕೆಲಸವನ್ನೆಲ್ಲ ನಾನು ಮಾಡಿ ಮುಗಿಸಿ, ಸಿಕ್ಕಿದ್ದನ್ನು ಮಾತ್ರ ಅವರಿಗೆ ಕೊಟ್ಟಿದ್ದೆ. ಅವರು ಕಲಿತದ್ದು ಹೆಸರು ಹೇಳುವುದನ್ನು. ಇನ್ನೂ ಒಂದು ವಿಷಯ ಆವತ್ತು ಹೊಳೆಯಿತು. ನಲವತ್ತು ಚಿತ್ರಗಳಲ್ಲಿ 'ಏನೂ ಇಲ್ಲ' ಎಂಬ ಉತ್ತರದ ಚಿತ್ರ ಒಂದೂ ಇರಲಿಲ್ಲ. ಹುಡುಗ ತನ್ನ ಕಲಿಕೆಯಲ್ಲಿ ಮೊದಲ ಸಲ 'ಏನೂ ಇಲ್ಲ' ಎಂದು ಹೇಳಿದ್ದು ಒಬ್ಬ ಜೀವಂತ ಹೆಂಗಸಿನ ರಕ್ತದ ಬಗ್ಗೆ.

ನಾಲ್ಕನೆಯ ದಿನ ಶೇವಂತಿ ಎದ್ದು ಕುಳಿತು ಗಂಜಿ ಕುಡಿದಳು. ನಾನು ವಾರ್ಡಿಗೆ ಹೋಗಿ ಮಂಚದ ಪಕ್ಕ ನಿಂತು ಹೇಳಿದೆ, ಮೊದಲ ದಿನವೇ ಇತ್ತು, ನಾನು ಸರಿಯಾಗಿ ನೋಡಲಿಲ್ಲ ಎಂದು. ಅವಳು ಲೋಟ ಕೆಳಗಿಟ್ಟಳು.

"ಹಂಗಾರೆ ಐದ್ ದಿನ ನಾ ಸುಮ್ನೆ ಸತ್ತೆನಾ?"

ಅವಳು ಗೋಡೆಯ ಕಡೆ ತಿರುಗಿ ಕುಳಿತಳು. ಹೊರಡಲು ನಾನು ಹೆಜ್ಜೆ ಎತ್ತಿದಾಗ ಹಿಂದಿನಿಂದ ಕೇಳಿತು: "ಅಕ್ಕೋರೆ, ಅದ್ರ ಮೋರೆ ನಂಗೊಂದ್ ಸಲ ತೋರ್ಸಿ. ನನ್ ಕೊಲ್ಲುಕೆ ಬಂದದ್ ಎಂತದು ಅಂತ ನೋಡ್ಬೇಕು."

ಮನೆಗೆ ಹೋಗುವ ದಿನ ಅವಳು ಲ್ಯಾಬಿಗೆ ಬಂದಳು. ಡಾಕ್ಟರ ಒಪ್ಪಿಗೆ ಕೇಳಿ ಕಂಪ್ಯೂಟರು ಚಾಲೂ ಮಾಡಿ, ಅವಳದೇ ರಕ್ತದ ಉಂಗುರವನ್ನು ಪರದೆಯ ತುಂಬ ತೋರಿಸಿದೆ. ಅವಳು ಪರದೆಯಿಂದ ನನ್ನ ಕಡೆಗೆ ತಿರುಗಿದಳು. "ಇಷ್ಟ್ ದೊಡ್ಡದು ನಿಮ್ಗೆ ಕಾಣ್ಲಿಲ್ವಾ?"

ಎಂಟು ವಿದ್ಯಾರ್ಥಿಗಳೂ ಅಲ್ಲೇ ಇದ್ದರು. ನಾನು ಅವಳನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ಮೊದಲ ದಿನದ ಅವಳ ಸ್ಲೈಡನ್ನೇ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಲು ಹೇಳಿದೆ. ಅವಳು ಬಹಳ ಹೊತ್ತು ನೋಡಿದಳು. ರೆಪ್ಪೆಗೂದಲು ಬರೆದ ಹುಡುಗಿಗಿಂತ ಎಷ್ಟೋ ತಾಳ್ಮೆ.

"ಇಲ್ಲಿ ಬರೀ ಹೊಯ್ಗೆ."

"ಹೌದು. ಅದರಲ್ಲಿ ಹುಡುಕಬೇಕು."

"ಮತ್ತೆ ಈ ಮಕ್ಳಿಗೆ ಪೆಟ್ಟಿಗೆಯಲ್ಲಿ ಬರೀ ತಿಸರೆ ತೋರ್ಸ್ತ್ರಿ, ಹೊಯ್ಗೆ ತೋರ್ಸೂದಿಲ್ವಾ?" ಎಂದು ಕೇಳಿ, ಅವಳೇ ಮುಂದುವರಿಸಿದಳು. "ನನ್ ಸೊಸಿ ಪೇಟೆಬದಿದು. ಬಂದ್ ಹೊಸತರಲ್ಲಿ ಕೈಯಲ್ಲಿ ತಿಸರೆ ಕೊಟ್ರೆ ತಿಸರೆ ಅಂತಿತ್ತು. ಹೊಯ್ಗೆ ಮೇಲೆ ಬಿಟ್ರೆ ಏಡಿ ತೂತೆಲ್ಲ ಕೆದಕ್ತಿತ್ತು. ಎಂಟ್ ದಿನ ನಾ ಅದಕ್ಕೆ ಬುಟ್ಟಿನೇ ಕೊಡ್ಲಿಲ್ಲ. ಸುಮ್ನೆ ಹೊಯ್ಗೆ ಮೇಲೆ ನಡಿ, ತಿಸರೆ ಇಲ್ಲದ್ ಜಾಗ ಯಾವ್ದು ಅಂತ ಹೇಳು, ಅಂದೆ."

"ಆಮ್ಯಾಲೆ ಕಲತ್ರೇನ್ರಿ?" ಬಸವರಾಜ ಕೇಳಿದ.

"ಕಲೀದೆ ಏನು? ಈಗ ನನ್ನಕಿಂತ ಮುಂದೆ ಅದೇ ಆರಿಸ್ತದೆ. ನೀ ನನ್ ನೆತ್ರು ನೋಡ್ದವ ಅಲ್ಲಾ ತಮ್ಮಾ? ಬಾ ನಮ್ಮೂರಿಗೆ, ಎಂಟ್ ದಿನ ನಡಿಸ್ತೆ."

ಎಲ್ಲರೂ ನಕ್ಕರು. ಬಸವರಾಜನೂ ನಕ್ಕ, ಆದರೆ ಅವನ ಕಿವಿ ಕೆಂಪಾಗಿತ್ತು.

ಮರುದಿನ ನಾನು ಡಾಕ್ಟರ ಬಳಿ ಒಂದು ಅವಕಾಶ ಕೇಳಿದೆ. ಶೇವಂತಿಯ ಆ ಹಳೆಯ ಸ್ಲೈಡನ್ನೇ ಇಟ್ಟು, ಒಂದು ತುದಿಯಿಂದ ಸಾಲಾಗಿ, ಒಂದನ್ನೂ ಬಿಡದೆ ನೂರು ಫೀಲ್ಡು ಫೋಟೋ ತೆಗೆದೆ. ಎರಡು ದಿನ ಹಿಡಿಯಿತು. ಏನನ್ನೂ ನಡುವಿಗೆ ತರಲಿಲ್ಲ. ನೂರರಲ್ಲಿ ಮೂರೇ ಚಿತ್ರದಲ್ಲಿ ಉಂಗುರ, ಅದೂ ಅಂಚಿನಲ್ಲಿ. ಬಣ್ಣದ ಚೂರು, ರಕ್ತಕಣದ ಮೇಲೆ ಬಿದ್ದು ಉಂಗುರದಂತೆ ಮೋಸ ಮಾಡುವ ಬೇರೆ ಕಣ, ಎಲ್ಲವೂ ಇದ್ದಹಾಗೇ. ಉತ್ತರ ಮೂರು: ಇದೆ, ಇಲ್ಲ, ಮತ್ತೆ ನೋಡಬೇಕು. ಗಂಟೆಯನ್ನು ತೆಗೆದುಹಾಕಿದೆ. ನೂರೂ ಮುಗಿದ ಮೇಲಷ್ಟೇ ಸರಿ ತಪ್ಪು ತಿಳಿಯುವುದು.

ಡಾಕ್ಟರ್ ಶಾನಭಾಗರು ಕುಳಿತು ಇಪ್ಪತ್ತು ಚಿತ್ರ ಸರಿಸಿ ಹೇಳಿದರು: "ಮದ್ವೆ ಫೋಟೋಕ್ಕೆ ತಂದ ಕ್ಯಾಮೆರಾದಲ್ಲಿ ಬರೀ ಖಾಲಿ ಕುರ್ಚಿ ತೆಗ್ದ ಹಾಗಾಯ್ತಲ್ರೀ ಸುಮಿತ್ರಾಬಾಯಿ." ಆದರೆ ಏಳಲಿಲ್ಲ. ನೂರನ್ನೂ ನೋಡಿದರು. ಮೂರರಲ್ಲಿ ಒಂದು ಅವರಿಗೂ ತಪ್ಪಿತು. ಕನ್ನಡಕ ಒರೆಸಿಕೊಂಡು, "ಇರ್ಲಿ ಇದು" ಎಂದರು.

ವಿದ್ಯಾರ್ಥಿಗಳಿಗೆ ಮೊದಮೊದಲು ಬಹಳ ಬೇಸರ. ಹನ್ನೊಂದನೆಯ ಚಿತ್ರಕ್ಕೆ ಆಕಳಿಕೆ. ಇಲ್ಲದ ಕಡೆ ಇದೆ ಎನ್ನುವವರು ಕೆಲವರು, ಎಲ್ಲಕ್ಕೂ ಇಲ್ಲ ಇಲ್ಲ ಎಂದು ಒತ್ತಿ ಹೋಗುವವರು ಕೆಲವರು. ನಾನು ಪ್ರತಿಯೊಬ್ಬರ ಪಕ್ಕ ಕುಳಿತು ಅದೇ ಪ್ರಶ್ನೆ ಕೇಳುತ್ತಿದ್ದೆ, ಹೇಗೆ ಗೊತ್ತಾಯಿತು ಎಂದು. ಅವರ ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಒಂದೇ ಚಿತ್ರದಲ್ಲಿ ಎಂಟು ಜನಕ್ಕೆ ಎಂಟು ಬಗೆಯದು ಕಾಣುತ್ತದೆ ಎಂಬುದನ್ನು ಅಷ್ಟು ವರ್ಷ ಕೆಲಸ ಮಾಡಿಯೂ ನಾನು ತಿಳಿದಿರಲಿಲ್ಲ. ನೀನು ಬಂದರೆ ಆ ನೋಟ್‌ಬುಕ್ಕು ಕೊಡುತ್ತೇನೆ. ಅಕ್ಷರ ಚಂದವಿಲ್ಲ, ಉಳಿದದ್ದೆಲ್ಲ ಉಪಯೋಗಕ್ಕೆ ಬರುತ್ತದೆ.

ತಂಡ ಹೊರಡುವ ವಾರ ಶೇವಂತಿ ಮತ್ತೆ ಬಂದಳು. ರೋಗಾಣು ಪೂರ್ತಿ ಹೋಗಿದೆಯೋ ಇಲ್ಲವೋ ಎಂದು ಕೊನೆಯ ಸಲ ನೋಡಬೇಕಿತ್ತು. ಖಾಲಿ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ಬೆಂಚಿನ ಮೇಲೆ ಕುಳಿತಳು. ನಾನು ಸ್ಲೈಡು ತಯಾರಿಸಿ ನನ್ನ ಮುಂದೆ ಇಟ್ಟುಕೊಳ್ಳುವಷ್ಟರಲ್ಲಿ ಬಸವರಾಜ ಬಂದು ನಿಂತ. "ನಾ ನೋಡ್ಲ್ಯಾ ಮ್ಯಾಡಮ್?"

ನಾನು ಡಾಕ್ಟರ ಮುಖ ನೋಡಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ನೋಡ್ಲಿ. ಆಮೇಲೆ ನೀವು ನೋಡಿ. ಆಮೇಲೆ ನಾ ನೋಡ್ತೆ" ಎಂದರು.

ಅವನು ಅಂಚಿನಿಂದ ಶುರು ಮಾಡಿದ. ಎಡಗೈಯ ಬೆರಳು ಮೇಜಿನ ಮೇಲೆ ಎಣಿಸುತ್ತಿತ್ತು. ನಡುವೆ ಕರೆಂಟು ಹೋಯಿತು, ಕಂಪ್ಯೂಟರು ಸತ್ತಿತು. ಅವನು ತಲೆಯನ್ನೂ ಎತ್ತದೆ ಮೈಕ್ರೋಸ್ಕೋಪಿನ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡ. ಒಂದು ಕಡೆ ಬಹಳ ಹೊತ್ತು ನಿಂತ, ಹಿಂದೆ ಬಂದ, ಮತ್ತೆ ಮುಂದೆ ಹೋದ. ನಾನು ಅವನ ಬೆನ್ನನ್ನೇ ನೋಡುತ್ತಾ ನಿಂತಿದ್ದೆ. ಮುಕ್ಕಾಲು ಗಂಟೆಯಾಗಿರಬೇಕು.

"ನೂರಾ ಇಪ್ಪತ್ತು ನೋಡೇನ್ರಿ. ಏನೂ ಇಲ್ಲ."

ನಾನು ಕುಳಿತು ಮೊದಲಿನಿಂದ ನೋಡಿದೆ. ಡಾಕ್ಟರೂ ನೋಡಿದರು. ಏನೂ ಇರಲಿಲ್ಲ. ರಿಜಿಸ್ಟರು ತೆಗೆದು, ನನ್ನ ಹಿಂದಿನ ತಪ್ಪು ಸಾಲು ಇದ್ದ ಅದೇ ಪುಸ್ತಕದಲ್ಲಿ, ಮತ್ತೆ ಅದೇ ಎರಡು ಶಬ್ದ ಬರೆದೆ: ಮಲೇರಿಯಾ ಇಲ್ಲ. ಕೆಳಗೆ ಸಹಿ ಹಾಕಿದೆ.

ಹೊರಗೆ ಹೋಗಿ ಹೇಳಿದಾಗ ಶೇವಂತಿ ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯ, ಏನೂ ಇಲ್ಲ ಅಂತ ಹೇಳುಕೆ ಇಷ್ಟ್ ಹೊತ್ತಾ?"

ಬಸವರಾಜ ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ. ಅವನ ಬಲಗಣ್ಣಿನ ಸುತ್ತ ಮೈಕ್ರೋಸ್ಕೋಪಿಗೆ ಒತ್ತಿ ಹಿಡಿದ ಕೆಂಪು ಗುರುತು ಗುಂಡಗೆ ಮೂಡಿತ್ತು. ಶೇವಂತಿ ಅದನ್ನು ನೋಡಿ ಒಮ್ಮೆ ತಲೆದೂಗಿದಳು. ಬಗ್ಗಿ ಬುಟ್ಟಿ ಎತ್ತಿಕೊಂಡು, "ನಾ ಬತ್ತೆ. ನೀರಿಳಿಯೂ ಹೊತ್ತಾಯ್ತು" ಎಂದು ಹೊರಟಳು.